ಎದುರು ಮನೆಯವರ ಸಿಮೆಂಟ್ ಬಕೆಟ್, ನನ್ನ ಕಾರು ಮತ್ತು ಒಂದು ಚಲನ್

ಪ್ರಶ್ನೆ: ನಾವು ಬೆಂಗಳೂರಿನ ವಿಜಯನಗರದಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ಕೆಳಗೆ ಒಂದೇ ಕಾರು ಹಿಡಿಯುವಷ್ಟು ಜಾಗ, ಅದು ಮಾಲೀಕರಿಗೆ. ಮೂವತ್ತು ಅಡಿ ರಸ್ತೆ. ನನ್ನ ಸಣ್ಣ ಕಾರನ್ನು ಎದುರು ಸಾಲಿನಲ್ಲಿ, ಮೂಲೆಯಿಂದ ನಾಲ್ಕನೇ ಮನೆಯ ಕಾಂಪೌಂಡಿಗೆ ಒತ್ತಿ ನಿಲ್ಲಿಸುತ್ತೇನೆ. ಅವರ ಗೇಟಿಗೆ ಅಡ್ಡವಾಗುವುದಿಲ್ಲ. ಆ ಮನೆಯ ಯಜಮಾನರು ಮೊದಲು ‘ಇಲ್ಲಿ ಬೇಡಪ್ಪ’ ಎಂದರು. ಆಮೇಲೆ ನೋ ಪಾರ್ಕಿಂಗ್ ಬೋರ್ಡ್ ತಗುಲಿಸಿದರು. ಈಗ ಪೇಂಟ್ ಬಕೆಟ್‌ಗೆ ಸಿಮೆಂಟ್ ತುಂಬಿ, ಪೈಪ್ ನೆಟ್ಟು ಎರಡು ಇಟ್ಟಿದ್ದಾರೆ. ಅವನ್ನು ಸರಿಸಿ ನಿಲ್ಲಿಸಿದ ರಾತ್ರಿ ಯಾರೋ ಎರಡು ಟೈರಿನ ಗಾಳಿ ಬಿಟ್ಟರು. ‘ಮನೆ ಮುಂದಿನ ಜಾಗಕ್ಕೂ ಕಂದಾಯ ಕಟ್ಟುತ್ತೇನೆ’ ಎನ್ನುತ್ತಾರೆ ಅವರು. ನಾನೂ ರೋಡ್ ಟ್ಯಾಕ್ಸ್ ಕಟ್ಟಿದ್ದೇನಲ್ಲ ಮೇಡಂ? ಹೋದ ವಾರ ಅದೇ ಜಾಗದ ಫೋಟೊ ಸಮೇತ ಚಲನ್ ಬಂದಿದೆ. ಆ ರಸ್ತೆಯಲ್ಲಿ ಪೊಲೀಸರ ಬೋರ್ಡ್ ಒಂದೂ ಇಲ್ಲ. ದಂಡ ಕಟ್ಟಬೇಕೆ? ಠಾಣೆಗೆ ಹೋಗಬೇಕೆ? ಬಕೆಟ್ ಎತ್ತಿ ಬಿಸಾಡಬಹುದೆ? ಕಾರು ಮಾರಿಬಿಡು ಎನ್ನುವುದು ನಮ್ಮ ಮಾವನವರ ಸಲಹೆ. (ಹೆಸರು ಬೇಡ)

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ವ್ಯಾಜ್ಯಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ರಸ್ತೆಯ ಆ ತುಂಡು ಯಾರದ್ದು ಎನ್ನುವುದು ಒಂದು, ಅಲ್ಲಿ ಕಾರು ನಿಲ್ಲಿಸಬಹುದೆ ಎನ್ನುವುದು ಇನ್ನೊಂದು, ಟೈರಿನ ಗಾಳಿ ಬಿಟ್ಟದ್ದು ಮತ್ತೊಂದು. ಮೊದಲನೆಯದರಲ್ಲಿ ನಿಮ್ಮ ಎದುರು ಮನೆಯವರು ತಪ್ಪು. ಎರಡನೆಯದರಲ್ಲಿ, ನಿಮಗೆ ಬೇಸರವಾಗಬಹುದು, ನೀವು ತಪ್ಪು. ಮೂರನೆಯದು ಅಪರಾಧ, ಆದರೆ ಸದ್ಯಕ್ಕೆ ನಿಮ್ಮ ಬಳಿ ಸಾಕ್ಷಿಯಿಲ್ಲ. ಈ ಮೂರನ್ನೂ ಒಂದೇ ದೂರಿನಲ್ಲಿ ತುಂಬಿಕೊಂಡು ಒಂದೇ ಠಾಣೆಗೆ ಹೋದರೆ ಬರಿಗೈಯಲ್ಲಿ ವಾಪಸ್ ಬರುತ್ತೀರಿ. ವಕೀಲಿ ವೃತ್ತಿಯಲ್ಲಿ ನಾನು ಹೆಚ್ಚಾಗಿ ನೋಡುವ ನೆರೆಹೊರೆಯ ಜಗಳ ಇದೇ. ಗೋಡೆ, ನೀರು, ನಾಯಿ ಎಲ್ಲ ಇದರ ಹಿಂದೆ.

ಜಾಗ ಯಾರದ್ದು ಎನ್ನುವುದಕ್ಕೆ ದೊಡ್ಡ ಕಾನೂನು ಪುಸ್ತಕ ಬೇಡ. ಎದುರು ಮನೆಯವರ ಕ್ರಯಪತ್ರದಲ್ಲೇ ಉತ್ತರವಿದೆ. ಕೊನೆಯ ಪುಟಗಳಲ್ಲಿ ಷೆಡ್ಯೂಲ್, ಅದರಡಿ ಚೆಕ್ಕುಬಂದಿ: ಪೂರ್ವಕ್ಕೆ ಇಷ್ಟನೇ ನಂಬರ್ ಸೈಟು, ಪಶ್ಚಿಮಕ್ಕೆ ಇಂಥವರ ಸ್ವತ್ತು, ಉತ್ತರಕ್ಕೆ ರಸ್ತೆ ಎಂದು ಬರೆದಿರುತ್ತದೆ. ರಸ್ತೆ ಅವರ ಸ್ವತ್ತಿನ ಗಡಿ. ಗಡಿಯಾಗಿ ಬರೆದದ್ದು ಸ್ವತ್ತಿನೊಳಗೆ ಸೇರುವುದಿಲ್ಲ. ಸೈಟು ಮೂವತ್ತು ನಲವತ್ತು ಎಂದಿದ್ದರೆ ಆ ಅಳತೆ ಕಾಂಪೌಂಡಿನ ಗೋಡೆಗೆ ಮುಗಿಯಿತು. ಅದರಾಚೆಗಿನ ಮೋರಿ, ಮೋರಿಯ ಮೇಲಿನ ಚಪ್ಪಡಿ, ಡಾಂಬರು ಎಲ್ಲ ಸಾರ್ವಜನಿಕರ ಪರವಾಗಿ ಪಾಲಿಕೆಯ ವಶದಲ್ಲಿರುವಂಥವು. ಅವರು ಕಟ್ಟುವ ಕಂದಾಯ ಅವರ ಕಟ್ಟಡಕ್ಕೆ ಮತ್ತು ನಿವೇಶನಕ್ಕೆ. ಪಾರ್ಕಿಂಗ್ ಜಾಗದ ಲೆಕ್ಕ ಅದರಲ್ಲಿದ್ದರೂ ಅದು ಗೇಟಿನೊಳಗಿನ ಜಾಗದ್ದು. ಗೇಟಿನಾಚೆ ಒಂದು ಚದರಡಿಗೂ ಅವರು ಕಾಸು ಕಟ್ಟಿಲ್ಲ. ಕಟ್ಟುತ್ತೇನೆಂದರೂ ಪಾಲಿಕೆ ಆ ಹೆಸರಿನಲ್ಲಿ ತೆಗೆದುಕೊಳ್ಳುವುದಿಲ್ಲ.

ಇದೇ ಮಾತು ನಿಮ್ಮ ರೋಡ್ ಟ್ಯಾಕ್ಸಿಗೂ ಸಲ್ಲುತ್ತದೆ. ಕಾರು ಕೊಂಡಾಗ ನೀವು ಕಟ್ಟಿದ ಜೀವಾವಧಿ ತೆರಿಗೆ 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯ ಪ್ರಕಾರ ವಸೂಲಾದದ್ದು. ವಾಹನವನ್ನು ರಸ್ತೆಯಲ್ಲಿ ಬಳಸುವುದಕ್ಕೆ ಅದು. ಬಳಸದೆ ರಾತ್ರಿಯಿಡೀ ನಿಲ್ಲಿಸಿಡುವುದಕ್ಕೆ ಯಾವ ಬೀದಿಯಲ್ಲೂ ಅದು ಜಾಗ ಕಾಯ್ದಿರಿಸುವುದಿಲ್ಲ. ‘ಟ್ಯಾಕ್ಸ್ ಕಟ್ಟಿದ್ದೀನಿ’ ಎಂದು ಇಬ್ಬರೂ ಎದುರುಬದುರು ನಿಂತು ಕೂಗಾಡುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಇಬ್ಬರ ರಸೀದಿಯಲ್ಲೂ ಆ ಜಾಗದ ಹೆಸರಿರುವುದಿಲ್ಲ.

ಇನ್ನು ಬೋರ್ಡು. ಸಂಚಾರ ಚಿಹ್ನೆ ನೆಡುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 116ನೇ ಸೆಕ್ಷನ್ ಪ್ರಕಾರ ಸರ್ಕಾರಕ್ಕೆ ಮತ್ತು ಅದು ಅಧಿಕಾರ ಕೊಟ್ಟವರಿಗೆ. ಮನೆಯವರು ಫ್ಲೆಕ್ಸ್ ಅಂಗಡಿಯಲ್ಲಿ ಮಾಡಿಸಿ ಗ್ರಿಲ್ಲಿಗೆ ಕಟ್ಟಿದ ಬೋರ್ಡಿಗೆ, ಕೆಳಗೆ ‘ಟೈರ್ ಪಂಕ್ಚರ್ ಮಾಡಲಾಗುವುದು’ ಎಂದು ಬರೆದಿದ್ದರೂ ಸರಿ, ಕಾನೂನಿನ ಬಲವಿಲ್ಲ. ಅದು ಕೋರಿಕೆ ಅಷ್ಟೆ. ಹಾಗೆ ಬರೆದವರ ಕಾಂಪೌಂಡಿನ ಬಳಿ ಗಾಳಿ ಹೋದರೆ ಆ ಬೋರ್ಡೇ ಮೊದಲ ಸಾಕ್ಷಿಯಾಗುತ್ತದೆ ಎನ್ನುವುದು ಬೇರೆ ಮಾತು.

ಇಲ್ಲಿಯವರೆಗೆ ಓದಿ ನಿಮಗೆ ಖುಷಿಯಾಗಿದ್ದರೆ ಸ್ವಲ್ಪ ತಡೆಯಿರಿ. ಖಾಸಗಿ ಬೋರ್ಡಿಗೆ ಬಲವಿಲ್ಲ ಎಂದರೆ ಅಲ್ಲಿ ನಿಲ್ಲಿಸಬಹುದು ಎಂದಲ್ಲ. ‘ಪೊಲೀಸರ ಬೋರ್ಡ್ ಇಲ್ಲ, ಅಂದಮೇಲೆ ನಿಲ್ಲಿಸಬಹುದು’ ಎಂಬುದು ಈ ಊರಿನ ಅತಿ ದೊಡ್ಡ ತಪ್ಪು ತಿಳಿವಳಿಕೆ. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯಲ್ಲಿ ಯಾವ ಬೋರ್ಡೂ ಇಲ್ಲದೆ ತಾನಾಗಿಯೇ ಜಾರಿಯಲ್ಲಿರುವ ನಿಷೇಧಗಳ ಉದ್ದದ ಪಟ್ಟಿಯೇ ಇದೆ. ಫುಟ್‌ಪಾತ್, ಸೈಕಲ್ ಪಥ, ಪಾದಚಾರಿ ದಾಟು. ಬಸ್ ನಿಲ್ದಾಣದ ಹತ್ತಿರ. ಶಾಲೆ, ಆಸ್ಪತ್ರೆಯ ಬಾಗಿಲು. ಯಾವುದೇ ಸ್ವತ್ತಿನ ಗೇಟಿನ ಮುಂದೆ. ನಿಂತ ಇನ್ನೊಂದು ವಾಹನದ ಪಕ್ಕದಲ್ಲಿ, ಅಂದರೆ ಎರಡನೇ ಸಾಲಾಗಿ. ನಿಂತ ವಾಹನಕ್ಕೆ ಎದುರಾಗಿ ರಸ್ತೆಯ ಇನ್ನೊಂದು ಬದಿಯಲ್ಲಿ. ಹಾಗೆಯೇ ಜಂಕ್ಷನ್ನಿನ ಅಂಚಿನಿಂದ ಐವತ್ತು ಮೀಟರ್‌ವರೆಗೆ.

ಈ ಐವತ್ತು ಮೀಟರೇ ನಿಮ್ಮನ್ನು ಹಿಡಿದಿರುವುದು. ಮೂಲೆಯಿಂದ ನಾಲ್ಕನೇ ಮನೆ ಎಂದಿರಿ. ಸೈಟಿನ ಮುಂಭಾಗ ಮೂವತ್ತಡಿ ಎಂದು ಹಿಡಿದರೆ ನಾಲ್ಕನೆಯದು ಮುಗಿಯುವುದು ನೂರಿಪ್ಪತ್ತು ಅಡಿಗೆ, ಸುಮಾರು ಮೂವತ್ತಾರು ಮೀಟರಿಗೆ. ನಿಯಮಾವಳಿಯಲ್ಲಿ ದೊಡ್ಡ ಸರ್ಕಲ್ಲು, ಬಡಾವಣೆಯೊಳಗಿನ ಸಣ್ಣ ಕ್ರಾಸು ಎಂದು ಭೇದ ಮಾಡುವ ಮಾತಿಲ್ಲ. ನಿಮ್ಮ ಫೋಟೊದಲ್ಲಿ ಮೂಲೆ ಕಾಣುತ್ತಿದ್ದರೆ, ಅಥವಾ ಎದುರು ಬದಿಯಲ್ಲಿ ಇನ್ನೊಂದು ಕಾರು ನಿಂತಿದ್ದರೆ, ಆ ಚಲನ್ ಕಾನೂನಿನ ಪ್ರಕಾರ ನಿಲ್ಲುತ್ತದೆ.

ಈಗ ಇದೇ ಅಳತೆಪಟ್ಟಿಯನ್ನು ಇಡೀ ಬಡಾವಣೆಯ ಮೇಲೆ ಹಿಡಿದು ನೋಡಿ. ಬೆನ್ನಿಗೆ ಬೆನ್ನು ಹಚ್ಚಿದ ಎರಡು ನಲವತ್ತಡಿ ಸೈಟು, ಆಮೇಲೆ ಮೂವತ್ತಡಿ ಕ್ರಾಸ್ ರಸ್ತೆ: ಒಟ್ಟು ನೂರಹತ್ತು ಅಡಿ. ಅಂದರೆ ಇಂಥ ಬಡಾವಣೆಯ ಮೇನ್ ರೋಡಿನಲ್ಲಿ ಮೂವತ್ಮೂರು ಮೀಟರಿಗೊಂದು ಜಂಕ್ಷನ್. ಅಕ್ಷರಶಃ ಓದಿದರೆ ಆ ಮೇನ್ ರೋಡಿನ ಉದ್ದಕ್ಕೂ ಒಂದೇ ಒಂದು ಕಾರು ನಿಲ್ಲುವಂತಿಲ್ಲ. ಕ್ರಾಸಿನೊಳಗೆ ಬಂದರೆ ಎರಡೂ ತುದಿಯಿಂದ ಐವತ್ತೈವತ್ತು ಮೀಟರ್ ಬಿಡಬೇಕು. ಹನ್ನೊಂದು ಸೈಟಿಗಿಂತ ಚಿಕ್ಕ ಕ್ರಾಸಾದರೆ ಅಲ್ಲೂ ಶೂನ್ಯ. ಈ ನಿಯಮ ಬರೆದವರ ಕಣ್ಣ ಮುಂದೆ ಹೆದ್ದಾರಿ ಇತ್ತೋ ದೆಹಲಿಯ ಅಗಲ ರಸ್ತೆಗಳಿದ್ದವೋ, ನಮ್ಮ ತರ್ಟಿ ಫಾರ್ಟಿ ಬಡಾವಣೆಯಂತೂ ಇರಲಿಲ್ಲ ಎಂಬುದು ನನ್ನ ಅನಿಸಿಕೆ.

ನಿಮ್ಮ ಜಗಳದ ಬೇರು ಇರುವುದು ಇಲ್ಲಿ. ಕಾನೂನು ಬಹುತೇಕ ಎಲ್ಲ ಕಡೆ ಬೇಡ ಎನ್ನುತ್ತದೆ, ನಗರದಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿ ವರ್ಷಗಳೇ ಆದವು. ಎಲ್ಲರಿಗೂ ಚಲನ್ ಹಾಕಲು ಪೊಲೀಸರಿಗೆ ಆಗದು, ಮನಸ್ಸೂ ಇಲ್ಲ. ಹೀಗಾಗಿ ದೂರು ಬಂದ ಕಡೆ ಮಾತ್ರ ನಿಯಮ ಎಚ್ಚರಗೊಳ್ಳುತ್ತದೆ. ಬೆಂಗಳೂರು ಸಂಚಾರ ಪೊಲೀಸರ ಆ್ಯಪ್‌ನಲ್ಲಿ ಯಾರು ಬೇಕಾದರೂ ನಂಬರ್ ಪ್ಲೇಟ್ ಕಾಣುವಂತೆ ಫೋಟೊ ತೆಗೆದು ಕಳಿಸಬಹುದು. ನಿಮ್ಮ ಫೋಟೊ ಬಹುಶಃ ಹಾಗೆಯೇ ಹೋಗಿದೆ. ‘ಉಳಿದವರಿಗೆ ಬಿಟ್ಟು ನನಗೊಬ್ಬನಿಗೇ ಯಾಕೆ’ ಎನ್ನುವ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮ್ಯಾಜಿಸ್ಟ್ರೇಟರ ಮುಂದೆ ಅದು ಉತ್ತರವಲ್ಲ. ಪಕ್ಕದವನ ತಪ್ಪಿಗೆ ದಂಡ ಬೀಳಲಿಲ್ಲ ಎಂದು ನಿಮ್ಮದು ಮಾಫಿಯಾಗುವುದಿಲ್ಲ.

ಹಾಗೆಂದು ನಿಯಮಗಳೆಲ್ಲ ಅರ್ಥವಿಲ್ಲದವು ಎಂದುಕೊಳ್ಳಬೇಡಿ. ಎದುರುಬದುರು ನಿಲ್ಲಿಸಬಾರದು ಎನ್ನುವುದನ್ನೇ ತೆಗೆದುಕೊಳ್ಳಿ. ಮೂವತ್ತಡಿ ರಸ್ತೆ ಎಂದರೆ ಕಾಂಪೌಂಡಿನಿಂದ ಕಾಂಪೌಂಡಿಗೆ ಮೂವತ್ತಡಿ. ಎರಡು ಬದಿಯ ಮೋರಿ, ಅದರ ಮೇಲೆ ಮನೆಯವರು ಇಳಿಸಿಕೊಂಡ ಕಾಂಕ್ರೀಟ್ ಇಳಿಜಾರು, ಗಿಡಕ್ಕೆ ಕಟ್ಟಿದ ಬೇಲಿ ಕಳೆದರೆ ಓಡಾಟಕ್ಕೆ ಉಳಿಯುವುದು ಹದಿನೆಂಟು, ಹೆಚ್ಚೆಂದರೆ ಇಪ್ಪತ್ತಡಿ. ಬದಿಯಲ್ಲಿ ಬಿಡುವ ಅಂತರವೂ ಸೇರಿ ಒಂದು ಕಾರಿಗೆ ಆರೂವರೆ ಅಡಿ. ಎರಡು ಬದಿಗೂ ನಿಂತರೆ ನಡುವೆ ಏಳಡಿ. ಅಗ್ನಿಶಾಮಕ ವಾಹನ ಎಂಟು ಅಡಿ ಅಗಲವಿರುತ್ತದೆ. ಗ್ಯಾಸ್ ಸಿಲಿಂಡರ್ ಹೊತ್ತಿಕೊಂಡ ಮನೆಗೆ ನಾಲ್ಕು ಮನೆ ಆಚೆಯಿಂದ ಪೈಪ್ ಎಳೆದುಕೊಂಡು ಓಡಬೇಕಾಗುತ್ತದೆ. ಇದಕ್ಕಾಗಿಯೇ ಕೆಲವು ರಸ್ತೆಗಳಲ್ಲಿ ಪೊಲೀಸರು ಸಮ ದಿನಾಂಕಕ್ಕೆ ಈ ಬದಿ, ಬೆಸ ದಿನಾಂಕಕ್ಕೆ ಆ ಬದಿ ಎಂದು ಬೋರ್ಡ್ ಹಾಕಿರುವುದು. ಅದರಿಂದ ಎರಡೂ ಸಾಲಿನ ಮನೆಯವರಿಗೆ ತೊಂದರೆಯೂ ಸಮನಾಗಿ ಹಂಚಿಕೆಯಾಗುತ್ತದೆ.

ಗೇಟಿಗೆ ಅಡ್ಡವಾಗುವುದಿಲ್ಲ ಎಂದಿರಲ್ಲ, ಅದನ್ನು ಇನ್ನೊಮ್ಮೆ ಅಳೆದು ನೋಡಿ ಎಂದು ಕೇಳಿಕೊಳ್ಳುತ್ತೇನೆ. ಮೂವತ್ತಡಿ ಮುಂಭಾಗದಲ್ಲಿ ಗೇಟು ಹತ್ತು ಹನ್ನೆರಡು ಅಡಿ ಹೋದರೆ ಉಳಿಯುವುದು ಹದಿನೆಂಟು. ನಾಲ್ಕು ಮೀಟರಿನೊಳಗಿನ ನಿಮ್ಮ ಸಣ್ಣ ಕಾರಿಗೆ ಹದಿಮೂರಡಿ ಬೇಕು. ಲೆಕ್ಕದಲ್ಲಿ ಹಿಡಿಯಿತು. ಆದರೆ ಗೇಟಿನಿಂದ ಹೊರಬರುವ ಕಾರು ನೇರವಾಗಿ ಬಂದು ಚೌಕಾಕಾರದಲ್ಲಿ ತಿರುಗುವುದಿಲ್ಲ. ಸಣ್ಣ ಕಾರಿಗೂ ತಿರುಗಲು ಸುಮಾರು ಐದು ಮೀಟರ್ ತ್ರಿಜ್ಯ ಬೇಕು. ನಿಮ್ಮ ಬಂಪರು ಗೇಟಿನ ಕಂಬಕ್ಕೆ ಒಂದೆರಡು ಅಡಿಯಲ್ಲಿದ್ದರೆ, ಮೇಲಿಂದ ಎದುರು ಬದಿಯಲ್ಲೂ ಒಂದು ಕಾರಿದ್ದರೆ, ಆ ಯಜಮಾನರು ಹಿಂದೆ ಮುಂದೆ ಐದಾರು ಸಲ ಎಳೆದಾಡಿದರೂ ಹೊರಬರಲಾರರು. ವಯಸ್ಸಾದವರಿಗೆ ಕುತ್ತಿಗೆ ತಿರುಗಿಸಿ ರಿವರ್ಸ್ ತೆಗೆಯುವುದೇ ಕಷ್ಟ. ನನ್ನ ಬಳಿ ಬಂದ ಇಂಥ ಜಗಳಗಳಲ್ಲಿ ಅರ್ಧದಷ್ಟು ಮೂರಡಿ ಹಿಂದಕ್ಕೆ ಸರಿಸಿದ್ದರಿಂದಲೇ ಮುಗಿದಿವೆ. ಉಳಿದರ್ಧ ಜಂಬದ ಜಗಳ, ಅದಕ್ಕೆ ಮದ್ದಿಲ್ಲ.

ಇನ್ನೆರಡು ತಪ್ಪು ತಿಳಿವಳಿಕೆಗಳನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಒಂದು, ಒಳಗೆ ಡ್ರೈವರ್ ಕೂತಿದ್ದರೆ ಅಥವಾ ನಾಲ್ಕೂ ಇಂಡಿಕೇಟರ್ ಮಿಣುಕುತ್ತಿದ್ದರೆ ಅದು ಪಾರ್ಕಿಂಗ್ ಅಲ್ಲ ಎನ್ನುವುದು. ಜನ ಹತ್ತಿಸಿ ಇಳಿಸುವುದು, ಸಾಮಾನು ಏರಿಸಿ ಇಳಿಸುವುದು ಬೇರೆ. ಯಾವ ಕಾರಣಕ್ಕೇ ಆಗಲಿ ಮೂರು ನಿಮಿಷ ಮೀರಿ ನಿಂತರೆ ನಿಯಮಾವಳಿಯ ಪ್ರಕಾರ ಅದು ಪಾರ್ಕಿಂಗೇ. ಎರಡು, ನಿಂತ ಗಾಡಿಗೆ ಯಾರಾದರೂ ಗುದ್ದಿದರೆ ತಪ್ಪು ಯಾವಾಗಲೂ ಗುದ್ದಿದವನದ್ದೇ ಎನ್ನುವುದು. ಅಪಾಯವಾಗುವಂತೆ ವಾಹನ ಬಿಟ್ಟು ಹೋಗುವುದನ್ನು ಕಾಯ್ದೆಯ 122ನೇ ಸೆಕ್ಷನ್ ನಿಷೇಧಿಸುತ್ತದೆ. ರಾತ್ರಿ ದೀಪವಿಲ್ಲದ ತಿರುವಿನಲ್ಲಿ ನಿಲ್ಲಿಸಿದ ಕಾರಿಗೆ ಬೈಕ್ ಸವಾರ ಬಡಿದರೆ ಪರಿಹಾರದ ಮೊಕದ್ದಮೆಯಲ್ಲಿ ನಿಲ್ಲಿಸಿದವನ ಪಾಲಿಗೂ ತಪ್ಪಿನ ಒಂದು ಭಾಗ ಬರಬಹುದು.

ನಿಮಗೆ ತೀರ ಹತ್ತಿರದ ಇನ್ನೊಂದು ಸಂಗತಿ ಉಂಟು. 127ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಯಾರೂ ಇಲ್ಲದೆ ಬಿಟ್ಟ ವಾಹನವನ್ನು, ಅಥವಾ ನಿಷೇಧವಿರುವ ಕಡೆ ನಿಲ್ಲಿಸಿದ ವಾಹನವನ್ನು, ಆ ಸರಹದ್ದಿನ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಎಳೆದೊಯ್ಯಿಸಬಹುದು, ಚಕ್ರಕ್ಕೆ ಬೀಗ ಹಾಕಿಸಬಹುದು. ಎಳೆದ ಖರ್ಚು ಮಾಲೀಕನದ್ದು. ರಾತ್ರಿ ಎಂಟಕ್ಕೆ ನಿಲ್ಲಿಸಿ ಬೆಳಿಗ್ಗೆ ಎಂಟಕ್ಕೆ ತೆಗೆಯುವ ನಗರದ ಲಕ್ಷಾಂತರ ಕಾರುಗಳು ಈ ಸೆಕ್ಷನ್ನಿನ ಬಾಯಲ್ಲೇ ಇವೆ. ಬೆಂಗಳೂರಿನಲ್ಲಿ ಟೋಯಿಂಗ್ ಸಿಬ್ಬಂದಿಯ ವರ್ತನೆಯ ಬಗ್ಗೆ ಜನ ರೊಚ್ಚಿಗೆದ್ದ ಮೇಲೆ 2022ರ ಫೆಬ್ರುವರಿಯಲ್ಲಿ ಅದನ್ನು ನಿಲ್ಲಿಸಿದ್ದರು. ಮತ್ತೆ ಆರಂಭಿಸುವ ಮಾತು ಆಗಾಗ ಕೇಳಿಬರುತ್ತಲೇ ಇದೆ. ಟೋಯಿಂಗ್ ಗಾಡಿ ಬರಲಿ ಬಿಡಲಿ, ಸೆಕ್ಷನ್ ಮಾತ್ರ ಕಾಯ್ದೆಯಲ್ಲಿ ಹಾಗೇ ಇದೆ. ನಾಲ್ಕು ದಿನ ಊರಿಗೆ ಹೋಗುವಾಗ ಕಾರನ್ನು ಬೀದಿಯಲ್ಲಿ ಬಿಟ್ಟು ಹೋಗಬೇಡಿ ಎಂದು ಹೇಳುವುದು ಅದಕ್ಕೇ.

ಈಗ ಬಕೆಟ್ಟು ಮತ್ತು ಗಾಳಿ. ಸಾರ್ವಜನಿಕ ದಾರಿಯಲ್ಲಿ ಅಡಚಣೆ ಉಂಟುಮಾಡುವುದು ಭಾರತೀಯ ನ್ಯಾಯ ಸಂಹಿತೆಯ 285ನೇ ಸೆಕ್ಷನ್ ಪ್ರಕಾರ ಅಪರಾಧ, ಐದು ಸಾವಿರ ರೂಪಾಯಿವರೆಗೆ ದಂಡ. ಸಿಮೆಂಟ್ ತುಂಬಿದ ಬಕೆಟ್ ಅದಕ್ಕೆ ಹೇಳಿ ಮಾಡಿಸಿದ ಉದಾಹರಣೆ. ರಾತ್ರಿ ಸ್ಕೂಟರಿನವನು ಅದಕ್ಕೆ ಬಡಿದು ಬಿದ್ದರೆ ಯಜಮಾನರ ಪಾಡು ಬಲು ಕೆಟ್ಟದ್ದಾಗುತ್ತದೆ, ಇದನ್ನು ಅವರಿಗೆ ಯಾರಾದರೂ ಶಾಂತವಾಗಿ ತಿಳಿಸಬೇಕು. ಅದೇ ಸೆಕ್ಷನ್ ಅಡ್ಡ ನಿಂತ ಕಾರಿಗೂ ಅನ್ವಯಿಸುತ್ತದೆ ಎಂಬುದನ್ನು ನೀವೂ ನೆನಪಿಡಿ.

ಬಕೆಟ್ ಬಿಸಾಡಬಹುದೆ? ಬೇಡ. ಪಕ್ಕಕ್ಕೆ ಸರಿಸುವುದು ಕಳ್ಳತನವಲ್ಲ. ಹೊತ್ತುಕೊಂಡು ಹೋಗಿ ಎಸೆದರೆ ಅಥವಾ ಒಡೆದರೆ ‘ನಮ್ಮ ವಸ್ತು ಹಾಳು ಮಾಡಿದರು’ ಎಂಬ ದೂರು ನಿಮ್ಮ ಮೇಲೇ ಬರುತ್ತದೆ. ನ್ಯಾಯಾಲಯದಲ್ಲಿ ಅದು ನಿಲ್ಲುತ್ತದೋ ಇಲ್ಲವೋ, ಅಲ್ಲಿಯವರೆಗೆ ನೀವು ಓಡಾಡಬೇಕಲ್ಲ. ಅದನ್ನು ತೆಗೆಯಬೇಕಾದವರು ಪಾಲಿಕೆಯವರು.

ಟೈರಿನ ಗಾಳಿ ಬಿಡುವುದು ತಮಾಷೆಯೂ ಅಲ್ಲ, ‘ಪಾಠ ಕಲಿಸುವುದೂ’ ಅಲ್ಲ. ಬೇಕೆಂದೇ ಇನ್ನೊಬ್ಬರ ಸ್ವತ್ತಿಗೆ ಹಾನಿ ಮಾಡುವುದು ನ್ಯಾಯ ಸಂಹಿತೆಯ 324ನೇ ಸೆಕ್ಷನ್ನಿನಡಿ ಬರುತ್ತದೆ, ಆರು ತಿಂಗಳವರೆಗೆ ಶಿಕ್ಷೆ ಆಗಬಹುದು. ಬಾಡಿಯ ಮೇಲೆ ಕೀಲಿಕೈಯಿಂದ ಗೀರಿ, ರಿಪೇರಿ ಖರ್ಚು ಇಪ್ಪತ್ತು ಸಾವಿರ ಮೀರಿದರೆ ಶಿಕ್ಷೆಯ ಮಿತಿ ಎರಡು ವರ್ಷಕ್ಕೆ ಏರುತ್ತದೆ. ನಿಮ್ಮ ಕಾರು ನಿಷೇಧವಿದ್ದ ಜಾಗದಲ್ಲಿ ನಿಂತಿತ್ತು ಎನ್ನುವುದು ಗಾಳಿ ಬಿಟ್ಟವರಿಗೆ ರಕ್ಷಣೆಯಾಗುವುದಿಲ್ಲ. ಚಲನ್ ಹಾಕುವುದು ಪೊಲೀಸರ ಕೆಲಸ, ಶಿಕ್ಷೆ ಕೊಡುವುದು ಕೋರ್ಟಿನ ಕೆಲಸ. ಎದುರು ಮನೆಯವರಿಗೆ ಎರಡನ್ನೂ ಯಾರೂ ಒಪ್ಪಿಸಿಲ್ಲ.

ಆದರೆ ಯಾರು ಬಿಟ್ಟರು? ಬೀದಿಯಲ್ಲಿ ಯಾರದಾದರೂ ಸಿಸಿಟಿವಿ ಇದ್ದರೆ ಅದೇ ದಿನ ಹೋಗಿ ಕೇಳಬೇಕಿತ್ತು. ಮನೆಗಳ ಕ್ಯಾಮೆರಾಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಬರೆದುಕೊಳ್ಳುತ್ತ ಹೋಗುತ್ತದೆ, ಒಂದೆರಡು ವಾರದಲ್ಲಿ ಏನೂ ಉಳಿಯದಿರಬಹುದು. ಮುಂದೆ ಹೀಗಾದರೆ ಕಾರನ್ನು ಅಲುಗಿಸುವ ಮೊದಲು ಫೋಟೊ ತೆಗೆಯಿರಿ. ಪಂಕ್ಚರ್ ಅಂಗಡಿಯ ಬಿಲ್ ಇಟ್ಟುಕೊಳ್ಳಿ. ದೃಶ್ಯ ಸಿಕ್ಕರೆ ಕೊಟ್ಟವರ ಒಪ್ಪಿಗೆಯೊಂದಿಗೆ ಪ್ರತಿ ಮಾಡಿಸಿಕೊಳ್ಳಿ. ಅದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಚಪಲ ಮಾತ್ರ ಬೇಡ. ಈ ಒಂದು ಚಪಲದಿಂದ ದೂರುದಾರರೇ ಮಾನನಷ್ಟದ ಆರೋಪಿಗಳಾಗಿದ್ದುಂಟು.

ದೂರು ಕೊಡುವುದಾದರೆ ಮೂರು ಬಾಗಿಲು ಬೇರೆ ಬೇರೆ. ಅಡ್ಡಾದಿಡ್ಡಿ ನಿಂತ ವಾಹನ, ಚಲನ್, ಸಮ-ಬೆಸ ಪಾರ್ಕಿಂಗ್ ಕೋರಿಕೆ ಇವೆಲ್ಲ ಸಂಚಾರ ಠಾಣೆಗೆ. ಗಾಳಿ ಬಿಟ್ಟದ್ದು, ಬೆದರಿಕೆ ಹಾಕಿದ್ದು ಕಾನೂನು ಮತ್ತು ಸುವ್ಯವಸ್ಥೆಯ ಠಾಣೆಗೆ. ಬಕೆಟ್ಟು, ಕಲ್ಲು, ಸರಪಳಿ, ರಸ್ತೆಗೆ ಚಾಚಿಕೊಂಡ ಇಳಿಜಾರು ಪಾಲಿಕೆಯ ವಾರ್ಡ್ ಎಂಜಿನಿಯರ್‌ಗೆ. ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾಗಿವೆ, ನಿಮ್ಮ ಮನೆಯ ವಾರ್ಡ್ ಯಾವುದಕ್ಕೆ ಸೇರಿದೆ ನೋಡಿಕೊಂಡು ಬರೆಯಿರಿ. ಎರಡನೇ ಠಾಣೆಯಲ್ಲಿ ‘ಇದೆಲ್ಲ ನೀವು ನೀವೇ ಮಾತಾಡಿಕೊಳ್ಳಿ’ ಎಂಬ ಮಾತು ಬರುವುದು ಸಾಮಾನ್ಯ. ಗಾಳಿ ಬಿಟ್ಟ ಪ್ರಕರಣ ಅಸಂಜ್ಞೇಯ, ಅಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಆದರೆ ನಾಗರಿಕ ಸುರಕ್ಷಾ ಸಂಹಿತೆಯ 174ನೇ ಸೆಕ್ಷನ್ ಪ್ರಕಾರ ಮಾಹಿತಿಯನ್ನು ಪುಸ್ತಕದಲ್ಲಿ ಬರೆದುಕೊಳ್ಳಲೇಬೇಕು. ಎನ್‌ಸಿಆರ್ (ಅಸಂಜ್ಞೇಯ ಪ್ರಕರಣದ ವರದಿ) ಎಂದು ಕೇಳಿ, ಅದರ ನಂಬರ್ ಪಡೆದುಕೊಂಡು ಬನ್ನಿ. ನನ್ನ ಅನುಭವದಲ್ಲಿ ಆ ನಂಬರು ಇದೆ ಎಂಬ ಸುದ್ದಿ ಬೀದಿಗೆ ಮುಟ್ಟಿದರೆ ಗಾಳಿ ಬಿಡುವ ಕೈಗಳು ತಾವಾಗಿಯೇ ಹಿಂದೆ ಸರಿಯುತ್ತವೆ. ಇದರ ಅಪಾಯವೂ ಸ್ಪಷ್ಟವಿರಲಿ: ಎನ್‌ಸಿಆರ್ ಆದ ಮೇಲೆ ಆ ಮನೆಯವರ ಜೊತೆ ಮಾತುಕತೆ ಸುಲಭವಲ್ಲ. ನೀವು ಬಾಡಿಗೆಯವರು, ಅವರು ನಿಮ್ಮ ಮಾಲೀಕರ ಹಳೆಯ ನೆರೆಯವರು. ಸಿಟ್ಟು ಮಾಲೀಕರ ಮೂಲಕ ನಿಮ್ಮ ಮೇಲೆ ತಿರುಗಬಹುದು.

ಹಾಗಾಗಿ ನಾನಾದರೆ ಮೊದಲು ಮಾಲೀಕರನ್ನು ಜೊತೆಗೆ ಕರೆದುಕೊಂಡು ಒಂದು ಭಾನುವಾರ ಬೆಳಿಗ್ಗೆ ಆ ಮನೆಗೆ ಹೋಗುತ್ತೇನೆ. ಕಾನೂನು ಹೇಳಲು ಹೋಗುವುದಲ್ಲ. ‘ಅಂಕಲ್, ನಿಮ್ಮ ಕಾರು ತೆಗೆಯಲು ಎಷ್ಟು ಜಾಗ ಬೇಕು ತೋರಿಸಿ, ಸುಣ್ಣದಲ್ಲಿ ಗೆರೆ ಹಾಕೋಣ’ ಎಂದು ಕೇಳುವುದಕ್ಕೆ. ನಿಮ್ಮ ಮೊಬೈಲ್ ನಂಬರನ್ನು ಚೀಟಿಯಲ್ಲಿ ಬರೆದು ಕಾರಿನ ಗಾಜಿನೊಳಗೆ ಇಡಿ. ಇದು ಯಾವ ನಿಯಮದಲ್ಲೂ ಇಲ್ಲ, ಆದರೆ ನಡುರಾತ್ರಿ ಆಸ್ಪತ್ರೆಗೆ ಓಡಬೇಕಾದವರಿಗೆ ಕರೆ ಮಾಡಲು ಒಂದು ನಂಬರ್ ಇದ್ದರೆ ಬಕೆಟ್ಟಿನ ಅಗತ್ಯವೇ ಬೀಳದು. ಮಾತಿಗೆ ಒಪ್ಪಿದರೂ ಆ ಜಾಗ ನಿಮ್ಮದಾಗುವುದಿಲ್ಲ, ಜಂಕ್ಷನ್ನಿಗೆ ಅದು ಹತ್ತಿರವೇ. ಬೇರೆ ಯಾರಾದರೂ ಫೋಟೊ ಕಳಿಸಿದರೆ ಮತ್ತೆ ಚಲನ್ ಬರುತ್ತದೆ. ಕ್ರಾಸ್ ಉದ್ದವಿದ್ದರೆ ನಡುಭಾಗದಲ್ಲಿ, ಎದುರು ಬದಿಯಲ್ಲಿ ವಾಹನವಿಲ್ಲದ ಕಡೆ, ಗೇಟಿಲ್ಲದ ಪಕ್ಕಗೋಡೆ ಹುಡುಕಿಕೊಂಡು ನೂರು ಹೆಜ್ಜೆ ನಡೆಯುವುದು ಇದಕ್ಕಿಂತ ಕಡಿಮೆ ತಲೆನೋವು.

ತಿಂಗಳ ಬಾಡಿಗೆಗೆ ಜಾಗ ಹಿಡಿಯುವುದು ಇನ್ನೊಂದು ದಾರಿ. ಬಡಾವಣೆಯಲ್ಲಿ ಖಾಲಿ ಸೈಟು, ಮುಚ್ಚಿದ ಕಾರ್ಖಾನೆಯ ಅಂಗಳ, ಕಲ್ಯಾಣ ಮಂಟಪದ ಹಿಂಭಾಗ ಹೀಗೆ ಏನಾದರೂ ಇದ್ದೇ ಇರುತ್ತದೆ. ಕೊಡುವವರು ಜಾಗದ ಮಾಲೀಕರೇ ಅಲ್ಲವೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಪರರ ಸೈಟಿಗೆ ಬೇಲಿ ಹಾಕಿ ಬಾಡಿಗೆ ಎತ್ತುವ ಜಾಣರು ನಮ್ಮಲ್ಲಿ ಕಡಿಮೆಯಿಲ್ಲ. ಮದುವೆ ಮುಹೂರ್ತದ ದಿನಗಳಲ್ಲಿ ಮಂಟಪದವರು ಕಾರು ತೆಗೆಯಿರಿ ಎನ್ನುತ್ತಾರೆ, ಅದನ್ನೂ ಮೊದಲೇ ಮಾತಾಡಿಕೊಳ್ಳಿ. ಹಣ ಫೋನ್‌ಪೇಯಲ್ಲಾದರೂ ಕೊಡಿ, ನಾಳೆ ತೋರಿಸಲು ದಾಖಲೆ ಇರುತ್ತದೆ.

ನಿಮ್ಮ ಬೀದಿಗೆ ಕ್ಷೇಮಾಭಿವೃದ್ಧಿ ಸಂಘ ಇದ್ದರೆ ಸಮ-ಬೆಸ ದಿನಾಂಕದ ಪಾರ್ಕಿಂಗಿಗೆ ಅರ್ಜಿ ಕೊಡಿಸಿ. ಸಂಚಾರ ಠಾಣೆಯವರು ಸ್ಥಳ ನೋಡಿ ಮೇಲಕ್ಕೆ ಕಳಿಸುತ್ತಾರೆ, ಅಧಿಸೂಚನೆ ಆದ ಮೇಲೆ ಬೋರ್ಡ್ ಬರುತ್ತದೆ. ನಿಧಾನದ ಕೆಲಸ. ಆದರೆ ಕಾಯ್ದೆಯ 117ನೇ ಸೆಕ್ಷನ್ ಪ್ರಕಾರ ವಾಹನ ನಿಲ್ಲಿಸುವ ಜಾಗ ಗೊತ್ತುಮಾಡುವ ಅಧಿಕಾರ ಸರ್ಕಾರಕ್ಕಿದೆ. ಗೊತ್ತುಮಾಡಿದ ಜಾಗದಲ್ಲಿ ನಿಂತ ಕಾರನ್ನು 'ನನ್ನ ಮನೆ ಮುಂದೆ' ಎಂದು ಯಾರೂ ಎಬ್ಬಿಸಲಾರರು. ನಗರ ಭೂ ಸಾರಿಗೆ ನಿರ್ದೇಶನಾಲಯ ರೂಪಿಸಿದ ಪಾರ್ಕಿಂಗ್ ನೀತಿ 2.0 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಸತಿ ಬೀದಿಯಲ್ಲಿ ನಿಲ್ಲಿಸುವ ಕಾರಿಗೆ ವರ್ಷಕ್ಕೆ ಶುಲ್ಕದ ಪರ್ಮಿಟ್ ಇರಲಿ ಎಂದಿತ್ತು. ಸಣ್ಣ ಕಾರಿಗೆ 1,000 ರೂಪಾಯಿ, ದೊಡ್ಡದಕ್ಕೆ 5,000. ಬಿಟ್ಟಿ ಸಿಗುತ್ತಿದ್ದುದಕ್ಕೆ ದುಡ್ಡು ಕೇಳಿದರು ಎಂದು ಗಲಾಟೆ ಎದ್ದಿತು, ಮನೆ ಬೀದಿಗಳ ಮಟ್ಟಿಗೆ ಅದು ಕಾಗದದಲ್ಲೇ ಉಳಿದುಕೊಂಡಿತು. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ದಿನಕ್ಕೆ ಹದಿನಾಲ್ಕು ರೂಪಾಯಿಯೂ ದಾಟದ ಆ ಶುಲ್ಕವೇ ನಿಮ್ಮಂಥ ಬಾಡಿಗೆದಾರರಿಗೆ ವಾಸಿ. ರಸೀದಿ ಇದ್ದವನ ಮುಂದೆ ಬಕೆಟ್ಟಿಗೆ ಬೆಲೆಯಿಲ್ಲ.

ಮಾವನವರ ಸಲಹೆಯನ್ನೂ ತಳ್ಳಿಹಾಕುವುದಿಲ್ಲ. ಜಪಾನಿನಲ್ಲಿ ನಿಲ್ಲಿಸಲು ಜಾಗವಿದೆ ಎಂದು ತೋರಿಸದೆ ಕಾರು ನೋಂದಣಿಯೇ ಆಗುವುದಿಲ್ಲ, 1962ರಲ್ಲೇ ಅದಕ್ಕೆ ಕಾನೂನು ತಂದರು. ನಮ್ಮಲ್ಲಿ ಅದನ್ನು ಯಾರೂ ಕೇಳುವುದಿಲ್ಲ, ಕೇಳಿಕೊಳ್ಳುವ ಹೊಣೆ ನಮ್ಮ ಮೇಲೇ ಇದೆ. ವಾರಕ್ಕೊಮ್ಮೆ ಮಾತ್ರ ತೆಗೆಯುವ ಕಾರಾದರೆ ಜಾಗದ ಬಾಡಿಗೆ, ಇನ್ಶೂರೆನ್ಸ್, ಕಂತು ಕೂಡಿಸಿ ಒಮ್ಮೆ ಲೆಕ್ಕ ಹಾಕಿ ನೋಡಿ. ಮನೆಯಲ್ಲಿ ಚಿಕ್ಕ ಮಕ್ಕಳೋ ವಯಸ್ಸಾದವರೋ ಇದ್ದರೆ ಲೆಕ್ಕವೇ ಬೇರೆ, ಅದು ನಿಮಗೇ ಗೊತ್ತು. ಮನೆ ಬದಲಿಸುವುದಾದರೆ ಮುಂದಿನ ಹನ್ನೊಂದು ತಿಂಗಳ ಕರಾರಿನಲ್ಲಿ ‘ಒಂದು ಕಾರು ನಿಲ್ಲಿಸಲು ಕಾಂಪೌಂಡಿನೊಳಗೆ ಜಾಗ’ ಎಂಬ ಸಾಲನ್ನು ಬರೆಸಿ. ಬಾಯಿಮಾತಿನಲ್ಲಿ ‘ಪಾರ್ಕಿಂಗ್ ಇದೆ’ ಎಂದವರು ಹೇಳುವ ಪಾರ್ಕಿಂಗು ಹೆಚ್ಚಿನಂಶ ರಸ್ತೆಯೇ ಆಗಿರುತ್ತದೆ.

ಕೊನೆಗೆ ಚಲನ್. ಫೋಟೊ ದೊಡ್ಡದು ಮಾಡಿ ನೋಡಿ: ನಂಬರ್ ಸರಿಯಾಗಿ ಓದಲು ಬರುತ್ತದೆಯೆ, ದಿನಾಂಕ ಮತ್ತು ಸಮಯ ಇದೆಯೆ, ಸ್ಥಳ ನಿಮ್ಮದೇ ರಸ್ತೆಯೆ, ಕಾರು ನಿಮ್ಮದೇ ಮಾದರಿ ಮತ್ತು ಬಣ್ಣದ್ದೆ. ನಕಲಿ ನಂಬರಿನ ವಾಹನಗಳ ದಂಡ ಅಮಾಯಕರಿಗೆ ಬರುವುದುಂಟು. ಹಾಗೇನಾದರೂ ಇದ್ದರೆ ಆರ್‌ಸಿ ಪ್ರತಿಯೊಂದಿಗೆ ಸಂಚಾರ ಪೊಲೀಸರಿಗೆ ಆಕ್ಷೇಪಣೆ ಕೊಡಿ. ಎಲ್ಲ ಸರಿಯಿದ್ದರೆ ಕಟ್ಟಿಬಿಡಿ. ಕಾಯ್ದೆಯ 177ನೇ ಸೆಕ್ಷನ್ನಿನ ಸಾಮಾನ್ಯ ದಂಡ ಮೊದಲ ಸಲಕ್ಕೆ ಐನೂರು ರೂಪಾಯಿವರೆಗೆ, ಎರಡನೇ ಸಲದಿಂದ ಸಾವಿರದೈನೂರರವರೆಗೆ. ಅಂದರೆ ಅದೇ ಜಾಗದಲ್ಲಿ ಹಟಕ್ಕೆ ನಿಲ್ಲಿಸಿದಷ್ಟೂ ದುಬಾರಿ. ಕೋರ್ಟಿನಲ್ಲಿ ವಾದಿಸುವ ಹಕ್ಕು ನಿಮಗಿದೆ, ಆದರೆ ಮೂವತ್ತಾರು ಮೀಟರಿನ ಲೆಕ್ಕ ನಿಮ್ಮ ವಿರುದ್ಧವಿರುವಾಗ ಒಂದು ದಿನದ ಸಂಬಳ ಕಳೆದುಕೊಂಡು ಹೋಗುವುದು ಬೇಡ. ‘ಸ್ವಲ್ಪ ತಡೆಯಿರಿ, ಅರ್ಧಕ್ಕೆ ರಿಯಾಯಿತಿ ಬಿಡ್ತಾರೆ’ ಎಂದು ಆಫೀಸಿನಲ್ಲಿ ಯಾರಾದರೂ ಹೇಳುತ್ತಾರೆ. 2023ರಲ್ಲಿ ಬಿಟ್ಟಿದ್ದರು, 2025ರಲ್ಲೂ ಬಿಟ್ಟರು, ನಿಜ. ಅದನ್ನು ನಂಬಿ ಕೂತರೆ ಕಾರು ಮಾರಲು ಹೊರಟ ದಿನ ಕೊಳ್ಳುವವರು ನಂಬರ್ ಹಾಕಿ ನೋಡಿ, ಬಾಕಿ ತೀರಿಸಿಕೊಂಡು ಬನ್ನಿ ಎನ್ನುತ್ತಾರೆ. ಕಟ್ಟಿದ ರಸೀದಿಯ ಸ್ಕ್ರೀನ್‌ಶಾಟ್ ತೆಗೆದಿಡಿ. ಒಂದೆರಡು ದಿನದಲ್ಲಿ ಆನ್‌ಲೈನ್ ದಾಖಲೆಯಿಂದ ಬಾಕಿ ಹೋಗಿದೆಯೇ ಎಂದು ಮತ್ತೊಮ್ಮೆ ನೋಡಿಕೊಳ್ಳಿ. ಹೋಗಿರದಿದ್ದರೆ ಆ ಸ್ಕ್ರೀನ್‌ಶಾಟ್ ಹಿಡಿದು ಸಂಚಾರ ಠಾಣೆಗೆ ಹೋಗಿ.